ಬಿಡ್ಕಿಬೈಲು ಬೈಲಾಗಿಯೇ ಇರಲಿ

ಮಾನ್ಯ ಸಂಪಾದಕರೇ,

ಶಿರಸಿ ಪೇಟೆಯ ಟ್ರಾಫಿಕ್ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಾರೆ: ಪೇಟೆ ನಡುವಿನ ಬಯಲು ಜಾಗ ಬಿಡ್ಕಿಬೈಲಿನಲ್ಲಿ ದೊಡ್ಡ ಕಟ್ಟಡ ಕಟ್ಟಿ, ಕೆಳಗೆ ಪಾರ್ಕಿಂಗ್, ಮೇಲೆ ಅಂಗಡಿ ಮಾಡಿಬಿಡಿ ಅಂತ. ಊರಿನ ಹಳಬರೂ ಹೀಗೆ ಹೇಳುವುದು ಕೇಳಿ ಬೇಸರವಾಗುತ್ತದೆ.

ಆ ಬೈಲು ಸುಮ್ನೆ ಉಳಿದ ಜಾಗ ಅಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ತೇರೇರಿ ಬಂದು ಅಲ್ಲಿಯೇ ಗದ್ದುಗೆಯ ಮೇಲೆ ಕೂರುತ್ತಾಳೆ. ದೇವಸ್ಥಾನ ಕಟ್ಟಿದ್ದು 1688ರಲ್ಲಿ. ಪೇಟೆ ಬೆಳೆದದ್ದು ಅದರ ಆಸರೆಯಲ್ಲಿ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲದಲ್ಲೇ ಕೋಣ ಬಲಿ ನಿಂತಿತು, ಜಾತ್ರೆ ಮಾತ್ರ ನಿಲ್ಲಲಿಲ್ಲ. ಉಡಿ ತುಂಬಲು ನಿಂತ ಸಾಲು, ಬಳೆ ಅಂಗಡಿ, ತೊಟ್ಟಿಲು, ನಾಟಕದ ಟೆಂಟು... ಇಡೀ ಪೇಟೆಯೇ ಜಾತ್ರೆಯಾಗುತ್ತದೆ. ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಬಾಗಿಲು ತೆರೆಯುವುದು ಯುಗಾದಿಗೇ.

ಜಾತ್ರೆ ಇಲ್ಲದ ವರ್ಷವೂ ಪೇಟೆ ಸುಮ್ಮನಿರುವುದಿಲ್ಲ. ಹೋಳಿ ಹುಣ್ಣಿಮೆಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ ಎಂಬ ಜನಪದ ಕುಣಿತ ಹೊರಡುತ್ತದೆ. ಬೆನ್ನಿಗೆ ನವಿಲುಗರಿ, ಮುಖಕ್ಕೆ ಬಣ್ಣ, ಹತ್ತಿಯ ದಪ್ಪ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ, ಕಾಲಲ್ಲಿ ಗೆಜ್ಜೆ. ತಮಟೆಯ ಪೆಟ್ಟು ಏರಿದಂತೆ ಬೇಡ ಜನರ ಮೇಲೆ ನುಗ್ಗುತ್ತಾನೆ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಜಗ್ಗಿ ಹಿಡಿಯುತ್ತಾರೆ. ಊರು ಕಾಯಲು ನೇಮಿಸಿದ ಬೇಡನೇ ಊರನ್ನು ಪೀಡಿಸಿದ, ರುದ್ರಾಂಬಿಕೆ ಎಂಬ ಹುಡುಗಿ ತನ್ನ ಜೀವ ಕೊಟ್ಟು ಅವನನ್ನು ಹಿಡಿಸಿದಳು ಎಂಬ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ಒಂದೊಂದು ಗಲ್ಲಿಯವರು ತಮ್ಮದೇ ವೇಷ ಕಟ್ಟುತ್ತಾರೆ. ನಮ್ಮ ಗಲ್ಲಿಯ ಬೇಡನೇ ಜೋರು ಅಂತ ವಾದ ಮಾಡದವರು ಯಾರಿದ್ದಾರೆ?

ಇದೆಲ್ಲ ನಡೆಯುವುದು ಬೀದಿಯಲ್ಲಿ, ಬೈಲಿನಲ್ಲಿ. ಕುಣಿಯಲು ಜಾಗ ಬೇಕು, ತೇರು ಎಳೆಯಲು ಜಾಗ ಬೇಕು. ಮನೆಯ ಜಗುಲಿ ಮೇಲೆ ಕೂತು ನೋಡುವವರಿಗೂ ಎದುರು ಬೀದಿ ಕಾಣಬೇಕು, ಅಲ್ವಾ? ಬಹುಮಹಡಿ ಕಟ್ಟಡ ಒಮ್ಮೆ ಎದ್ದರೆ ಮತ್ತೆ ಇಳಿಸುವವರಿಲ್ಲ.

ಪಾರ್ಕಿಂಗ್ ತೊಂದರೆ ನಿಜ, ನಾನು ಇಲ್ಲ ಅನ್ನುವುದಿಲ್ಲ. ಅದಕ್ಕೆ ಯಲ್ಲಾಪುರ ರಸ್ತೆ, ಬನವಾಸಿ ರಸ್ತೆಯ ಕಡೆ ಜಾಗ ನೋಡಲಿ. ಅಲ್ಲಿಂದ ಪೇಟೆಗೆ ನಡೆದು ಬರುವುದು ದೊಡ್ಡ ಕಷ್ಟವೇನಲ್ಲ. ವಯಸ್ಸಾದವರಿಗೆ ಆಟೋ ಇದೆ. ಬಿಡ್ಕಿಬೈಲಿನಲ್ಲಿ ಕಾಯಂ ಕಟ್ಟಡ ಬರಬಾರದು ಎಂದು ಊರಿನ ಯೋಜನೆಯಲ್ಲೇ ಬರೆದಿಡಲಿ. ಆ ಬಗ್ಗೆ ಸಭೆ ಕರೆಯುವಾಗ ಅಂಗಡಿಕಾರರ ಜೊತೆಗೆ ವೇಷ ಕಟ್ಟುವ ಹುಡುಗರನ್ನೂ, ತಮಟೆ ಬಾರಿಸುವವರನ್ನೂ ಕರೆಯಲಿ.

ಇಂತಿ,
ಪೇಟೆಯ ಒಬ್ಬ ನಿವಾಸಿ, ಶಿರಸಿ