ಹೊಲಿಗೆ ಕೇಂದ್ರದ ಗೋಡೆಗೂ ಒಂದು ಇಡೀ ಉಡುಪು ಬೇಕು

ಸಂಪಾದಕರಿಗೆ ನಮಸ್ಕಾರ.

ಹೆಣ್ಣುಮಕ್ಕಳಿಗೆ ಉಚಿತ ಹೊಲಿಗೆ ತರಬೇತಿ ಕೊಟ್ಟ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಫೋಟೊದಲ್ಲಿ ಹೊಸ ಮಷಿನ್‌ಗಳು ಸಾಲಾಗಿ ನಿಂತಿರುತ್ತವೆ, ಪ್ರಮಾಣಪತ್ರ ಹಿಡಿದ ಹುಡುಗಿಯರು ಇರುತ್ತಾರೆ. ಅವರು ಹೊಲಿದ ಬಟ್ಟೆ ಮಾತ್ರ ಎಲ್ಲೂ ಕಾಣುವುದಿಲ್ಲ. ಅದರ ಬಗ್ಗೆಯೇ ಈ ಪತ್ರ.

ನಾನು ಬಳ್ಳಾರಿಯ ಕೌಲ್‌ಬಜಾರ್‌ನವಳು. ಜೀನ್ಸ್ ಘಟಕಕ್ಕೆ ಪೀಸ್ ಲೆಕ್ಕದಲ್ಲಿ ಹೊಲಿಯುತ್ತೇನೆ. ಬಳ್ಳಾರಿ ಜೀನ್ಸ್ ಹೊರಗಿನ ಊರುಗಳಲ್ಲೂ ಹೆಸರು ಮಾಡಿದೆ, ಅದು ನನಗೂ ಹೆಮ್ಮೆ. ಆದರೆ ಒಂದು ಪ್ಯಾಂಟನ್ನು ಮೊದಲಿಂದ ಕೊನೆವರೆಗೆ ಒಬ್ಬರೇ ಹೊಲಿಯುವುದು ನಮ್ಮಲ್ಲಿ ಅಪರೂಪ. ಒಬ್ಬರಿಗೆ ಜೇಬು, ಒಬ್ಬರಿಗೆ ಜಿಪ್, ಇನ್ನೊಬ್ಬರಿಗೆ ಸೊಂಟಪಟ್ಟಿ. ವರ್ಷಗಟ್ಟಲೆ ಜೇಬನ್ನೇ ಹೊಲಿದವರಿಗೆ ಕೈ ಚುರುಕಾಗುತ್ತದೆ, ನಿಜ. ಆದರೆ ಒಂದು ಥಾನು ಬಟ್ಟೆ ಮುಂದೆ ಹರಡಿದರೆ ಕತ್ತರಿ ಎಲ್ಲಿಂದ ಶುರು ಮಾಡಬೇಕು ಅಂತ ತೋಚುವುದಿಲ್ಲ. ಕೆಲಸ ನಿಂತ ತಿಂಗಳುಗಳಲ್ಲಿ ಇದೇ ನಮಗೆ ದೊಡ್ಡ ಕಷ್ಟ.

ನನಗೆ ಇಡೀ ಉಡುಪಿನ ರುಚಿ ಹತ್ತಿಸಿದ್ದು ದೂರದ ಮಲಯ ಜನರ ಬಟ್ಟೆ. ನನ್ನ ತಂಗಿ ಮಲೇಷ್ಯಾದ ಜೋಹೋರ್ ಬಾರುನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅವಳ ನೆರೆಮನೆಯ ಅಜ್ಜಿ ಇವತ್ತಿಗೂ ಮನೆಯಲ್ಲೇ 'ಬಾಜು ಕುರುಂಗ್' ಹೊಲಿಯುತ್ತಾರೆ. ಮೊಣಕಾಲಿನವರೆಗೆ ಬರುವ ಸಡಿಲವಾದ ಮೇಲಂಗಿ, ಕೆಳಗೆ ಪಾದದವರೆಗೆ ಲಂಗ, ಲಂಗದ ಒಂದು ಬದಿಗೆ ಮಾತ್ರ ನೆರಿಗೆ. ಅಲ್ಲಿ ಇದಕ್ಕೆ ಸಾಮಾನ್ಯವಾಗಿ ನಾಲ್ಕು ಮೀಟರ್ ಬಟ್ಟೆ ತೆಗೆದುಕೊಳ್ಳುತ್ತಾರಂತೆ. ಅಜ್ಜಿ ಕತ್ತರಿಸುವುದನ್ನು ತಂಗಿ ಫೋನಿನಲ್ಲಿ ತೋರಿಸಿದಳು, ನಾನು ಇಲ್ಲಿ ನೆಲದ ಮೇಲೆ ಬಟ್ಟೆ ಹಾಸಿಕೊಂಡು ಕಲಿತೆ.

ಆ ಕಟಿಂಗ್ ನೋಡಿದರೆ ಯಾವ ಹೊಲಿಗೆಯವರಿಗೂ ಖುಷಿಯಾಗುತ್ತದೆ. ಮುಂಭಾಗ, ಹಿಂಭಾಗ ಎರಡೂ ಒಂದೇ ಉದ್ದ ತುಂಡು, ಭುಜದ ಮೇಲೆ ಹೊಲಿಗೆಯೇ ಇಲ್ಲ. ತೋಳು ನೇರ ತುಂಡು. ಎರಡೂ ಪಕ್ಕಕ್ಕೆ ಮೇಲೆ ಸಣ್ಣ, ಕೆಳಗೆ ಅಗಲ ಇರುವ ಪಟ್ಟಿಗಳು, ಅವಕ್ಕೆ 'ಪೆಸಾಕ್' ಅನ್ನುತ್ತಾರೆ. ಬಗಲಲ್ಲಿ ಚೌಕಾಕಾರದ ಸಣ್ಣ ತುಂಡು, ಅದು 'ಕೆಕೆಕ್'. ಆ ಸಣ್ಣ ತುಂಡು ಇರುವುದರಿಂದಲೇ ಕೈ ಪೂರ್ತಿ ಎತ್ತಿದರೂ ಅಂಗಿ ಮೇಲಕ್ಕೆ ಎಳೆಯುವುದಿಲ್ಲ, ಹೊಲಿಗೆ ಬಿಚ್ಚುವುದಿಲ್ಲ. ಎಲ್ಲವೂ ನೇರ ಗೆರೆಗಳಾದ್ದರಿಂದ ಚಿಂದಿ ಬೀಳುವುದು ಬಹಳ ಕಮ್ಮಿ. ಈಗಿನ ಹೊಸ ಮಾದರಿಗಳಲ್ಲಿ ಪೆಸಾಕ್, ಕೆಕೆಕ್ ಬಿಟ್ಟು, ಮೈಗೆ ಹೊಂದುವಂತೆ ಬಟ್ಟೆ ಮಡಚಿ ಹೊಲಿಯುವ ಡಾರ್ಟ್ ಹಿಡಿದು, ಬೆನ್ನಿಗೆ ಜಿಪ್ ಹಾಕುತ್ತಾರೆ. ನನಗೆ ಹಳೆಯದೇ ಹೆಚ್ಚು ಇಷ್ಟ.

ಅಜ್ಜಿಯದು ತೆಲುಕ್ ಬೆಲಾಂಗ ಮಾದರಿ. ಕಾಲರ್ ಇಲ್ಲದ ದುಂಡು ಕೊರಳು, ಮುಂದೆ ಸಣ್ಣ ಸೀಳು, ಒಂದೇ ಗುಂಡಿ. ಜೋಹೋರ್‌ನ ಸುಲ್ತಾನ್ ಅಬೂಬಕರ್ ಕಾಲದಲ್ಲಿ, 19ನೇ ಶತಮಾನದಲ್ಲಿ, ಇದು ಆ ರಾಜ್ಯದ ಗುರುತಾಯಿತು ಎಂದು ಹೇಳುತ್ತಾರೆ. ಕೊರಳ ಅಂಚಿಗೆ 'ತುಲಾಂಗ್ ಬೆಲುತ್' ಎಂಬ ಕೈಹೊಲಿಗೆ ಬರುತ್ತದೆ. ಮಷಿನ್‌ಗೆ ಅದು ಒಗ್ಗುವುದಿಲ್ಲ. ಎಳೆ ಒಂದೇ ಬಿಗಿಯಲ್ಲಿ ಇರಬೇಕು, ಗುಬುಟು ಕಾಣಬಾರದು. ನನಗೆ ಹೆಚ್ಚು ಹೊತ್ತು ಹಿಡಿದಿದ್ದೂ ಅದೇ, ಹೆಚ್ಚು ಸಮಾಧಾನ ಕೊಟ್ಟಿದ್ದೂ ಅದೇ.

ಹೊಲಿದಿದ್ದನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ, ಪಡಸಾಲೆಯ ಗೋಡೆಗೆ ಹಾಕಿದೆ. ಬಿದಿರಿನ ಕೋಲಿಗೆ ಹಳೆಯ ಬಿಳಿ ಪಂಚೆ ಸುತ್ತಿ, ಎರಡೂ ತೋಳೊಳಗೆ ತೂರಿಸಿ ಕಟ್ಟಿದರೆ ಅಂಗಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಆಗ ಯಾವ ತುಂಡು ಎಲ್ಲಿ ಕೂಡಿದೆ ಎಂದು ದೂರದಿಂದಲೇ ಕಾಣುತ್ತದೆ. ಹ್ಯಾಂಗರ್‌ಗೆ ಹಾಕಿದರೆ ಇದೇನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಕಟಿಂಗ್‌ನ ಕಾಗದದ ಅಚ್ಚುಗಳನ್ನೂ ಪಿನ್ ಮಾಡಿದ್ದೇನೆ. ನಮ್ಮ ಬಳ್ಳಾರಿ ಬಿಸಿಲು, ಧೂಳು ಗೊತ್ತಲ್ವಾ? ಅದಕ್ಕೇ ಕಿಟಕಿಯ ಬಿಸಿಲು ಬೀಳದ ಗೋಡೆ ಆರಿಸಿದೆ. ನಡುನಡುವೆ ಇಳಿಸಿ, ಒದರಿ, ಸ್ವಲ್ಪ ದಿನ ಒಳಗಿಡುತ್ತೇನೆ. ತಂಗಿ ಕೊಟ್ಟ ಒಂದು ಸೊಂಕೆಟ್ ತುಂಡೂ ಇದೆ. ಅದು ಜರಿ ಎಳೆ ಹಾಕಿ ನೇಯ್ದ ಬಟ್ಟೆ. ಮಲೇಷ್ಯಾದ ತೆರೆಂಗಾನು, ಕೆಲಾಂತಾನ್ ಕಡೆಯ ನೇಕಾರರ ಕೆಲಸ, 2021ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೂ ಸೇರಿದೆ. ಅದನ್ನು ಮಡಚುವ ಹಾಗಿಲ್ಲ, ಮಡಿಕೆಯಲ್ಲಿ ಜರಿ ಮುರಿಯುತ್ತದೆ. ಕೊಳವೆಗೆ ಸುತ್ತಿಟ್ಟು, ಯಾರಾದರೂ ಬಂದಾಗ ಬಿಚ್ಚಿ ತೋರಿಸುತ್ತೇನೆ.

ಕೆಲವರು ಕೇಳಿದರು, ಯಾವುದೋ ದೇಶದ ಬಟ್ಟೆ ನಮ್ಮ ಗೋಡೆಗೆ ಯಾಕೆ ಅಂತ. ಇದು ಒಂದು ಧರ್ಮದವರ ಉಡುಪು ಅಲ್ವಾ ಎಂದವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಮಲೇಷ್ಯಾದ ಸರ್ಕಾರಿ ಶಾಲೆಗಳಲ್ಲಿ ಬಾಜು ಕುರುಂಗ್ ಹುಡುಗಿಯರ ಸಮವಸ್ತ್ರವೂ ಹೌದು. ಅದನ್ನು ತೊಟ್ಟು ಹೋಗುವವರಲ್ಲಿ ಚೀನೀ ಮಕ್ಕಳಿದ್ದಾರೆ, ತಮಿಳು ಮಕ್ಕಳಿದ್ದಾರೆ. ಮಲಯ ಗಂಡಸರು ಮನೆಯಲ್ಲಿ ಉಡುವ ಚೌಕಳಿ ಲುಂಗಿ ಹಿಂದೆ ಚೆನ್ನೈ ಹತ್ತಿರದ ಪುಲಿಕಾಟ್ ಬಂದರಿನಿಂದ ಹಡಗಿನಲ್ಲಿ ಹೋಗುತ್ತಿದ್ದ ಬಟ್ಟೆ. ಇಲ್ಲಿನ ನೇಯ್ಗೆ ಅಲ್ಲಿಯ ಮನೆ ಸೇರಿ ಎಷ್ಟೋ ಕಾಲವಾಗಿದೆ. ಅಲ್ಲಿಯ ಒಂದು ಅಂಗಿ ಇಲ್ಲಿಗೆ ಬಂದರೆ ತಪ್ಪೇನು?

ಇನ್ನೊಂದು ಸಂಗತಿ ಮುಖ್ಯ. ಕುರುಂಗ್ ಪಕ್ಕದಲ್ಲೇ ನಮ್ಮಜ್ಜಿಯ ಗುಳೇದಗುಡ್ಡ ಖಣದ ಕುಪ್ಪಸವನ್ನೂ ತೂಗುಹಾಕಿದ್ದೇನೆ. ಮುಂದೆ ಗಂಟು ಹಾಕುವಂಥದ್ದು. ಅದರ ಬಗಲಲ್ಲೂ ಒಂದು ಸಣ್ಣ ತುಂಡು ಇದೆ! ಮಲಯ ಅಂಗಿ ಹೊಲಿಯುವವರೆಗೆ ಅದರ ಕೆಲಸ ಏನೆಂದು ನಾನು ಗಮನಿಸಿಯೇ ಇರಲಿಲ್ಲ. ಈಗ ನಮ್ಮ ಓಣಿಯ ಹುಡುಗಿಯರು ಬಂದು ಎರಡನ್ನೂ ಮುಟ್ಟಿ, ತಿರುವಿ ನೋಡುತ್ತಾರೆ. ಬ್ಲೌಸ್, ನೈಟಿ ಬಿಟ್ಟು ಬೇರೇನೂ ಕಲಿಯದವರು ಅವರು. ಇದನ್ನು ಹೇಗೆ ಕತ್ತರಿಸುತ್ತಾರೆ ಅಂತ ಅವರೇ ಕೇಳುತ್ತಾರೆ. ಸುಮ್ನೆ ಪಾಠ ಹೇಳಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಆದ್ದರಿಂದ ತರಬೇತಿ ನಡೆಸುವ ಇಲಾಖೆಗಳಿಗೆ, ಸಂಘಗಳಿಗೆ ನನ್ನ ವಿನಂತಿ. ಪ್ರತಿ ಕೇಂದ್ರದಲ್ಲೂ ಒಂದು ಗೋಡೆಯನ್ನು ಹೊಲಿದ ಉಡುಪಿಗೆ ಬಿಡಿ, ಜೊತೆಗೆ ಅದರ ಕಟಿಂಗ್ ಅಚ್ಚನ್ನೂ ಹಾಕಿ. ನಮ್ಮ ಖಣದ ಕುಪ್ಪಸ ಇರಲಿ. ಸಂಡೂರಿನ ಲಂಬಾಣಿ ಕಸೂತಿಗೆ ಊರಿನ ಹೆಸರಿನ ಗುರುತು ಕೊಡುವ ಜಿಐ ಮಾನ್ಯತೆ ಇದೆ, ಆ ತಾಂಡಾಗಳ ಕಾಂಚಳಿ ಎಂಬ ಕುಪ್ಪಸ, ಲಂಗ ಇರಲಿ. ಹೊರಗಿನ ಒಂದೆರಡೂ ಇರಲಿ. ಪ್ರಮಾಣಪತ್ರ ಕೊಡುವ ಮೊದಲು ಪ್ರತಿಯೊಬ್ಬರೂ ಒಂದು ಉಡುಪನ್ನು ತಾವೇ ಕತ್ತರಿಸಿ, ತಾವೇ ಹೊಲಿದು ಮುಗಿಸಬೇಕು. ಹಳೆಯ ಕುಪ್ಪಸ ಹೊಲಿಯಬಲ್ಲ ಹಿರಿಯ ಹೆಂಗಸರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರನ್ನು ಕರೆಸಿ, ಕಲಿಸಿದ ದಿನಕ್ಕೆ ಸರಿಯಾದ ಗೌರವಧನ ಕೊಡಿ.

ಬಾಜು ಕುರುಂಗ್‌ನ ಅಚ್ಚುಗಳನ್ನು ಕಾಗದದ ಮೇಲೆ ಇಳಿಸಿಟ್ಟಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ಕೇಂದ್ರದವರು ಕೇಳಿದರೂ ಒಂದು ಪ್ರತಿ ಕೊಡುತ್ತೇನೆ, ದುಡ್ಡು ಬೇಡ. ಭಾನುವಾರ ನನಗೆ ರಜೆ, ಕರೆದರೆ ಬಂದು ಕತ್ತರಿಸಿ ತೋರಿಸುತ್ತೇನೆ. ನನ್ನ ವಿಳಾಸ ಪತ್ರಿಕೆಯ ಕಚೇರಿಯಲ್ಲಿದೆ.

— ಒಬ್ಬ ಹೊಲಿಗೆಗಾರ್ತಿ, ಕೌಲ್‌ಬಜಾರ್, ಬಳ್ಳಾರಿ