ತುರಿಕೆಯೆಲ್ಲ ಕಿಡ್ನಿಯದಲ್ಲ: ಮಗಳಿಗೊಂದು ಪತ್ರ

ಸಿಂಧನೂರು

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಕೊಪ್ಪಳದ ಡಯಾಲಿಸಿಸ್ ಘಟಕದಲ್ಲಿ ನೀನು ಕೆಲಸಕ್ಕೆ ಸೇರಿದ್ದು ಮನೆಯವರೆಲ್ಲರಿಗೂ ಹೆಮ್ಮೆ. ನನ್ನ ಮೈಮೇಲೆ ಎದ್ದ ಗುಳ್ಳೆಗಳ ಬಗ್ಗೆ ನೀನು ಫೋನಿನಲ್ಲಿ ಕೇಳಿದ್ದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ನನ್ನಂಥವರನ್ನು ನೀನು ದಿನವೂ ನೋಡಿಕೊಳ್ಳಬೇಕಾಗಿರುವುದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಬಹಳ ಮಂದಿಗೆ ತುರಿಕೆ ಇದ್ದೇ ಇರುತ್ತದೆ. ನನಗೂ ಬೆನ್ನು, ತೊಡೆ ತುರಿಸತೊಡಗಿದಾಗ ರಕ್ತದಲ್ಲಿ ರಂಜಕ ಹೆಚ್ಚಿರಬೇಕು, ಬಿಸಿಲಿಗೆ ಚರ್ಮ ಒಣಗಿರಬೇಕು ಎಂದೇ ಎಲ್ಲರೂ ಹೇಳಿದರು. ಕೆಲವು ತಿಂಗಳ ಮೇಲೆ ಮೊದಲು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ) ಇರುವ ತೋಳಿನಲ್ಲಿ, ಆಮೇಲೆ ಹೊಟ್ಟೆಯ ಮೇಲೆ ಹಾಗೂ ಎರಡೂ ತೊಡೆಗಳ ಒಳಭಾಗದಲ್ಲಿ ತಿಳಿನೀರು ತುಂಬಿದ ಗುಳ್ಳೆಗಳೆದ್ದವು. ಬಟ್ಟೆ ತಾಗಿದರೂ ಸುಲಭವಾಗಿ ಒಡೆಯದಷ್ಟು ಬಿಗಿಯಾಗಿದ್ದವು. ಓಣಿಯವರು ಸರ್ಪಸುತ್ತು ಎಂದು ತಿಳಿದು ಜಾಜು ಹಚ್ಚಲು ಹೇಳಿದರು. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಎದ್ದು ಉರಿಯುತ್ತದೆ. ನನ್ನದು ಎರಡೂ ಬದಿಗಿತ್ತು, ಉರಿಗಿಂತ ತುರಿಕೆಯೇ ಹೆಚ್ಚಾಗಿತ್ತು.

ಚರ್ಮರೋಗದ ವೈದ್ಯರು ಇದು ಬುಲ್ಲಸ್ ಪೆಂಫಿಗಾಯ್ಡ್ ಎಂದರು. 1953ರಲ್ಲಿ ವಾಲ್ಟರ್ ಲಿವರ್ ಎಂಬ ವೈದ್ಯರು ಇದನ್ನು ಪೆಂಫಿಗಸ್ ಎಂಬ ಇನ್ನೊಂದು ಗುಳ್ಳೆ ರೋಗದಿಂದ ಬೇರ್ಪಡಿಸಿ ಗುರುತಿಸಿದರಂತೆ. ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಹಿಡಿದಿಡುವ ಬಿಪಿ180, ಬಿಪಿ230 ಎಂಬ ಪ್ರೋಟೀನುಗಳ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದಾಗ, ಗೋಡೆಯಿಂದ ಗಿಲಾವು ಬಿಡುವಂತೆ ಮೇಲ್ಪದರ ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಗುಳ್ಳೆ ಏಳುವ ಎಷ್ಟೋ ವಾರ ಮೊದಲೇ ತುರಿಕೆ ಶುರುವಾಗಬಹುದು. ವಯಸ್ಸಾದವರಿಗೇ ಇದು ಹೆಚ್ಚು. ಮುಟ್ಟಿದರೆ ಅಂಟುವ ರೋಗವಲ್ಲ. ನಿನ್ನ ಘಟಕದಲ್ಲಿ ಇಂಥ ರೋಗಿ ಬಂದರೆ ಅಕ್ಕಪಕ್ಕದ ಹಾಸಿಗೆಯವರಿಗೆ ಇದನ್ನು ನೀನೇ ತಿಳಿಸಿ ಹೇಳು. ಅವರು ಮುಖ ತಿರುಗಿಸಿಕೊಳ್ಳುವುದು ಕಾಯಿಲೆಗಿಂತ ಹೆಚ್ಚು ನೋಯಿಸುತ್ತದೆ.

ಬಯಾಪ್ಸಿಯ, ಅಂದರೆ ಚರ್ಮದ ಚೂರು ತೆಗೆದು ಪರೀಕ್ಷಿಸುವ ವಿಷಯದಲ್ಲಿ ಒಂದನ್ನು ಗಮನಿಸು. ಚರ್ಮದ ಎರಡು ಚೂರು ತೆಗೆಯುತ್ತಾರೆ. ಗುಳ್ಳೆಯ ಅಂಚಿನ ಚೂರನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕುತ್ತಾರೆ. ಗುಳ್ಳೆಯ ಪಕ್ಕದ, ನೋಡಲು ಚೆನ್ನಾಗಿಯೇ ಇರುವ ಚರ್ಮದ ಚೂರನ್ನು ಇಮ್ಯುನೋಫ್ಲೋರೆಸೆನ್ಸ್ (ರೋಗನಿರೋಧಕ ಪ್ರೋಟೀನುಗಳನ್ನು ಹೊಳೆಯುವಂತೆ ಮಾಡಿ ನೋಡುವ) ಪರೀಕ್ಷೆಗಾಗಿ ಬೇರೆ ದ್ರವದಲ್ಲಿ ಕಳಿಸಬೇಕು. ಅದೂ ಫಾರ್ಮಲಿನ್‌ಗೆ ಬಿದ್ದರೆ ಆ ಪರೀಕ್ಷೆ ಕೆಟ್ಟಂತೆಯೇ. ಪದರಗಳು ಕೂಡುವಲ್ಲಿ ಐಜಿಜಿ ಮತ್ತು ಸಿ3 ಎಂಬ ರೋಗನಿರೋಧಕ ಪ್ರೋಟೀನುಗಳು ಒಂದೇ ಗೆರೆಯಾಗಿ ಹೊಳೆದದ್ದರಿಂದಲೇ ನನ್ನ ರೋಗ ಖಚಿತವಾಯಿತು.

ಇನ್ನು ಔಷಧಿಯ ಮಾತು, ಇದು ಎಲ್ಲಕ್ಕಿಂತ ಮುಖ್ಯ. ಸಕ್ಕರೆ ಕಾಯಿಲೆಗೆಂದು ನಾನು ಲಿನಾಗ್ಲಿಪ್ಟಿನ್ ಎಂಬ ಗ್ಲಿಪ್ಟಿನ್ ಜಾತಿಯ ಮಾತ್ರೆ ನುಂಗುತ್ತಿದ್ದೆ. ಕಿಡ್ನಿ ಕೆಟ್ಟವರಲ್ಲೂ ಅದರ ಪ್ರಮಾಣ ಇಳಿಸಬೇಕಾಗಿಲ್ಲವಾದ್ದರಿಂದ ಡಯಾಲಿಸಿಸ್ ರೋಗಿಗಳಿಗೆ ಅದನ್ನು ಕೊಡುವುದುಂಟು. ಆದರೆ ಗ್ಲಿಪ್ಟಿನ್ ಜಾತಿಯ ಮಾತ್ರೆಗಳು, ವಿಶೇಷವಾಗಿ ವಿಲ್ಡಾಗ್ಲಿಪ್ಟಿನ್, ಈ ರೋಗವನ್ನು ಕೆರಳಿಸಬಲ್ಲವು, ಅದೂ ಶುರುಮಾಡಿ ಬಹಳ ತಿಂಗಳಾದ ಮೇಲೂ. ವೈದ್ಯರು ಅದನ್ನು ನಿಲ್ಲಿಸಿ ಇನ್ಸುಲಿನ್ ಹಾಕಿದರು. ಜೊತೆಗೆ ಕ್ಲೋಬೆಟಾಸೋಲ್ ಎಂಬ ಸ್ಟೀರಾಯ್ಡ್ ಮುಲಾಮು ಮತ್ತು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ರೋಗವನ್ನು ಬೇಗ ಹಿಡಿತಕ್ಕೆ ತರುತ್ತದೆ, ಆದರೆ ಸಕ್ಕರೆ ಏರಿಸಿ ಸೋಂಕಿಗೆ ದಾರಿ ಮಾಡುತ್ತದೆ. 2002ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಗುಳ್ಳೆ ಹೆಚ್ಚಿದ್ದವರ ಪೈಕಿ ಮಾತ್ರೆಗಿಂತ ಮುಲಾಮಿನಿಂದಲೇ ಹೆಚ್ಚು ಜನ ಬದುಕುಳಿದಿದ್ದರು. ಬೇರೆಯವರಿಗೆ ಕೆಲವೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಕಿಡ್ನಿ ಕೆಟ್ಟ ನಮ್ಮಂಥವರ ಮೈಯಿಂದ ಹೊರಹೋಗದೆ ಉಳಿದು ಪ್ರಾಣಕ್ಕೇ ಅಪಾಯ ತರುತ್ತದೆ. ಯಾರ ಚೀಟಿಯಲ್ಲಾದರೂ ಅದರ ಹೆಸರು ಕಂಡರೆ ಕೂಡಲೇ ವೈದ್ಯರ ಗಮನಕ್ಕೆ ತಾ.

ಸೂಜಿ ತೆಗೆದ ಮೇಲೆ ಅಂಟುಪಟ್ಟಿ ಕೀಳುವಾಗ ನನಗೆ ಚರ್ಮವೇ ಎದ್ದು ಬಂದಿತ್ತು. ಇಂಥವರಿಗೆ ಪಟ್ಟಿ ಅಂಟಿಸಬೇಡ, ಗಾಜ್ ಇಟ್ಟು ಬಟ್ಟೆಯ ಬ್ಯಾಂಡೇಜನ್ನು ಸಡಿಲವಾಗಿ ಸುತ್ತು. ಗುಳ್ಳೆ ಇರುವ ಜಾಗದಲ್ಲಿ ಸೂಜಿ ಚುಚ್ಚಬೇಡ. ಒಡೆದ ಗುಳ್ಳೆಯ ಮೇಲಿನ ಸಿಪ್ಪೆಯನ್ನು ಕಿತ್ತುಹಾಕಬೇಡ, ಅದೇ ಹುಣ್ಣಿಗೆ ಹೊದಿಕೆ. ಕುತ್ತಿಗೆಯಲ್ಲಿ ಕ್ಯಾತಿಟರ್ (ರಕ್ತನಾಳಕ್ಕೆ ಹಾಕಿದ ಡಯಾಲಿಸಿಸ್ ನಳಿಕೆ) ಇರುವವರ ಬಗ್ಗೆ ಇನ್ನೂ ಎಚ್ಚರ ಬೇಕು, ಹಸಿ ಚರ್ಮದಿಂದ ಸೋಂಕು ರಕ್ತಕ್ಕಿಳಿಯಲು ಹೊತ್ತು ಬೇಕಿಲ್ಲ.

ನನ್ನ ಔಷಧಿ ಚೀಟಿಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ನಿನ್ನ ಘಟಕದ ವೈದ್ಯರಿಗೆ ತೋರಿಸಿ, ಮುಲಾಮನ್ನು ಯಾವಾಗಿನಿಂದ ಕಡಿಮೆ ಮಾಡಬಹುದೆಂದು ಕೇಳಿ ತಿಳಿಸು.

ಇಂತಿ ನಿನ್ನ,
ಅಪ್ಪ