ಮೂರು ಸ್ಥಾನವಿದ್ದರೆ ಮೂರು ಮತ: ಪಂಚಾಯಿತಿ ಮತದಾರರು ಗಮನಿಸಲಿ

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯಿತಿ ಚುನಾವಣೆ ಎಂದರೆ ಯಾರು ಯಾವ ಬಣ, ಎಲ್ಲಿ ಬಾಡೂಟ ಎಂಬ ಸುದ್ದಿಗೆ ಬರವಿಲ್ಲ. ಮತಪತ್ರದ ಮೇಲೆ ಮುದ್ರೆ ಹೇಗೆ ಒತ್ತಬೇಕೆಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಶಾಸನಸಭೆಗೂ ಲೋಕಸಭೆಗೂ ಒಬ್ಬರಿಗೆ ಒಂದೇ ಮತ. ಪಂಚಾಯಿತಿ ಲೆಕ್ಕ ಬೇರೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಊರು ದೊಡ್ಡದಾದರೆ ಒಂದೇ ಕ್ಷೇತ್ರಕ್ಕೆ ಎರಡೋ ಮೂರೋ ಸ್ಥಾನ. ಎಷ್ಟು ಸ್ಥಾನವೋ ಮತದಾರರಿಗೆ ಅಷ್ಟು ಮತ, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ. 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟು ಉಳಿದೆಡೆ ಬಳಸಿದ್ದು ಮತಪತ್ರವನ್ನೇ.

ಎಡವಟ್ಟಾಗುವುದು ಇಲ್ಲೇ. ಮೂರು ಸ್ಥಾನದ ಕ್ಷೇತ್ರದಲ್ಲಿ ನಾಲ್ವರಿಗೆ ಮುದ್ರೆ ಒತ್ತಿದರೆ ಇಡೀ ಮತಪತ್ರ ತಿರಸ್ಕೃತ. ನಾಲ್ಕನೆಯದನ್ನಷ್ಟೇ ಬಿಟ್ಟು ಎಣಿಸುವುದಿಲ್ಲ. ಇಬ್ಬರು ಅಭ್ಯರ್ಥಿಗಳ ನಡುವಿನ ಗೆರೆಯ ಮೇಲೆ ಮುದ್ರೆ ಬಿದ್ದು ಯಾರಿಗೆಂದು ತಿಳಿಯದಿದ್ದರೆ ಆ ಮತವೂ ಹೋಯಿತು. ಮುದ್ರೆಯ ಬದಲು ಹೆಬ್ಬೆಟ್ಟು ಒತ್ತಿದರೆ, ಸಹಿ ಹಾಕಿದರೆ ಯಾರ ಮತವೆಂದು ಗುರುತು ಸಿಗುತ್ತದೆ, ಅದೂ ಅಸಿಂಧು. ಮಡಚಿದಾಗ ಶಾಯಿ ಇನ್ನೊಂದು ಹೆಸರಿಗೆ ತಾಗಿದರೆ ಹೆದರಬೇಕಿಲ್ಲ, ಅದು ಮಡಚಿದಾಗ ಮೂಡಿದ ಅಚ್ಚೆಂದು ಎಣಿಸುವವರಿಗೆ ಗೊತ್ತಾಗುತ್ತದೆ. ಆದರೂ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚುವುದು ಲೇಸು.

ಸ್ಥಾನಕ್ಕಿಂತ ಕಡಿಮೆ ಮತ ಹಾಕಿದರೆ ತಪ್ಪಲ್ಲ. ಇದನ್ನೇ ಹಿಡಿದು ಕೆಲವರು ‘ನನಗೊಬ್ಬನಿಗೇ ಹಾಕಿ, ಮಿಕ್ಕಿದ್ದು ಬಿಟ್ಟುಬಿಡಿ’ ಎಂದು ಮನೆಮನೆಗೆ ಹೇಳಿಕೊಂಡು ಹೋಗುತ್ತಾರೆ. ಅವರ ಮಟ್ಟಿಗೆ ಅದು ಜಾಣತನ. ಮತದಾರರಿಗೆ ಮಾತ್ರ ಕೈಗೆ ಬಂದ ಮೂರು ಮತಗಳಲ್ಲಿ ಎರಡನ್ನು ಕೈಯಾರೆ ಬಿಟ್ಟಂತೆ. ಅದರಲ್ಲೂ ಮೀಸಲು ಸ್ಥಾನಕ್ಕೆ ನಿಂತ ಮಹಿಳೆಯರು, ಪರಿಶಿಷ್ಟರಲ್ಲಿ ಯಾರು ಸಮರ್ಥರೆಂದು ಆರಿಸುವ ಅವಕಾಶ ಪಕ್ಕದ ಬೀದಿಯವರ ಪಾಲಾಗುತ್ತದೆ.

ಸೀಟಿಗೆ ಮುನ್ನೂರು ಚಿಲ್ಲರೆ ಮತವಿರುವಲ್ಲಿ ಒಂದು ಕುಟುಂಬ ಮನೆಯಲ್ಲೇ ಉಳಿದರೂ ಫಲಿತಾಂಶ ಬದಲಾದೀತು. ಸಮಬಲವಾದರೆ ಚೀಟಿ ಎತ್ತುತ್ತಾರೆ. ಹೀಗೆ ಗೆದ್ದವರೇ ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ; ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಹಣ ಪಾವತಿಗೆ ಸಹಿ ಹಾಕುವವರು ಆ ಅಧ್ಯಕ್ಷರೇ. ನಲ್ಲಿ ನೀರು, ಚರಂಡಿ, ಬೀದಿ ದೀಪ, ಮನೆ ಕಂದಾಯ ಎಲ್ಲವೂ ಅಲ್ಲೇ ತೀರ್ಮಾನವಾಗುತ್ತವೆ. ಊರ ಹಿರಿಯರು ಕೂತು ಸೀಟನ್ನು ಹರಾಜು ಹಾಕಿ ‘ಅವಿರೋಧ’ ಎನ್ನಿಸುವುದು ಗುಡಿಗೆ ದುಡ್ಡು ಬಂದರೂ ಅಪರಾಧವೇ. ಹರಾಜಿನಲ್ಲಿ ಸೀಟು ಹಿಡಿದವರು ಕೊಟ್ಟ ಹಣವನ್ನು ಕಾಮಗಾರಿ ಬಿಲ್ಲಿನಲ್ಲಲ್ಲದೆ ಇನ್ನೆಲ್ಲಿ ಹುಟ್ಟಿಸಿಕೊಳ್ಳುತ್ತಾರೆ?

ಇನ್ನು ಪಟ್ಟಿಯ ವಿಷಯ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಪಂಚಾಯಿತಿ ಕ್ಷೇತ್ರವಾರು ಒಡೆಯುತ್ತಾರೆ. ಒಡೆಯುವಾಗ ಅರ್ಧ ಬೀದಿ ಆಚೆ ಕ್ಷೇತ್ರಕ್ಕೆ ಸೇರಿಬಿಡುವುದುಂಟು. ಒಂದೇ ಮನೆಯ ಅತ್ತೆ ಒಂದು ಕಡೆ, ಸೊಸೆ ಇನ್ನೊಂದು ಕಡೆ. ಕರಡು ಪಟ್ಟಿ ಅಂಟಿಸಿದಾಗಲೇ ನೋಡಿ ತಹಶೀಲ್ದಾರ್ ಕಚೇರಿಗೆ ಆಕ್ಷೇಪಣೆ ಬರೆದುಕೊಡಬೇಕು. ಮತದಾನದ ದಿನ ಗುರುತಿನ ಚೀಟಿ ತೋರಿಸಿ ಜಗಳವಾಡಿದರೆ ಪ್ರಯೋಜನವಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತಪತ್ರ ಕೊಡುವುದಿಲ್ಲ.

ಮತದ ಬೆಲೆ ತಿಳಿಯಬೇಕಾದರೆ ಚುನಾವಣೆ ನಡೆಯದ ಕಡೆ ನೋಡಬೇಕು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಕೂತರು. ಆ ಮಟ್ಟದಲ್ಲಿ ಜನರಿಗೆ ಕೇಳಲು ಪ್ರತಿನಿಧಿಯೇ ಇಲ್ಲದಂತಾಯಿತು.

ರಾಜ್ಯ ಚುನಾವಣಾ ಆಯೋಗಕ್ಕೆ ಒಂದು ಮನವಿ. ಪ್ರತಿ ಮತಗಟ್ಟೆಯ ಹೊರಗೆ ಆ ಕ್ಷೇತ್ರದ ಸ್ಥಾನಗಳೆಷ್ಟು, ಮತಗಳೆಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆಸಲಿ. ಓದಲು ಬಾರದವರಿಗಾಗಿ, ಮತಪತ್ರ ಕೊಡುವ ಸಿಬ್ಬಂದಿ ‘ನಿಮಗೆ ಇಷ್ಟು ಮುದ್ರೆ’ ಎಂದು ಬೆರಳೆತ್ತಿ ತೋರಿಸಿದರೂ ಸಾಕು.

— ಓದುಗ, ತಿಪಟೂರು